ತೀರದ ಬಾಕಿ: ಮನೆಯೊಳಗಿನ ಸಮುದ್ರ ಮತ್ತು ನೈಟ್ರೇಟ್ ಕಥೆ

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲೋ ಮೆಟ್ರೋದಲ್ಲೋ ಕೇಳ್ತಿರೋರಿಗೆ ಮೊದಲೇ ಹೇಳಿಬಿಡ್ತೀನಿ, ಇವತ್ತಿನ ಸಂಚಿಕೆಯಲ್ಲಿ ರಾಜರಿಲ್ಲ, ಯುದ್ಧ ಇಲ್ಲ. ಎರಡು ಮೀನು ಸತ್ತಿವೆ. ಅವುಗಳನ್ನ ಸಾಯಿಸಿದ್ದು ನಾನೇ.

ಹೋದ ವರ್ಷ ಒಂದು ದಿನ ಬೆಳಿಗ್ಗೆ ಆರು ಗಂಟೆಗೆ ಎದ್ದು ಹಾಲ್‌ಗೆ ಬಂದೆ. ನಮ್ಮ ಮನೇಲಿ ನೂರು ಲೀಟರಿನ ಒಂದು ಉಪ್ಪುನೀರಿನ ಅಕ್ವೇರಿಯಂ ಇದೆ. ಬೆಂಗಳೂರಲ್ಲಿ ಬಾಡಿಗೆ ಮನೆ, ಎರಡನೇ ಮಹಡಿ, ಸಮುದ್ರ ಅಲ್ಲಿಂದ ಮುನ್ನೂರು ಚಿಲ್ಲರೆ ಕಿಲೋಮೀಟರ್ ದೂರ. ಅದರಲ್ಲಿ ಎರಡು ಕ್ಲೌನ್ ಮೀನು ಇದ್ದವು. ನೀಮೋ ಸಿನಿಮಾ ನೋಡಿದೋರಿಗೆಲ್ಲ ಗೊತ್ತಿರೋ ಆ ಕಿತ್ತಳೆ ಬಣ್ಣದ, ಬಿಳಿ ಪಟ್ಟಿಯ ಮೀನು. ಆ ಬೆಳಿಗ್ಗೆ ನೀರಿಗೆ ಮಜ್ಜಿಗೆ ಕಲಸಿದ ಹಾಗೆ ಬಿಳಿ ಮಬ್ಬು ಬಂದಿತ್ತು. ಎರಡೂ ತಳದಲ್ಲಿ ಮಗ್ಗುಲಾಗಿ ಬಿದ್ದಿದ್ದವು. ಪಕ್ಕದಲ್ಲಿ ವೋಡ್ಕಾ ಬಾಟಲಿ. ಅಮ್ಮ ಅಡುಗೆಮನೆಯಿಂದ ಬಂದು ಟ್ಯಾಂಕ್ ನೋಡಿದರು, ಬಾಟಲಿ ನೋಡಿದರು, "ಮೀನಿಗೂ ಕುಡಿಸಿಬಿಟ್ಯೇನೋ?" ಅಂದರು.

ಹೌದು, ಕುಡಿಸಿದ್ದೆ. ನೈಟ್ರೇಟ್ ಕಡಿಮೆ ಮಾಡೋಕೆ.

ಆಮೇಲೆ ಒಂದು ತಿಂಗಳು ನಾನು ಓದಿದ್ದೆಲ್ಲ ಇದೇ. ಮನುಷ್ಯ ಸಮುದ್ರವನ್ನ ಗಾಜಿನ ಪೆಟ್ಟಿಗೆಯಲ್ಲಿ ಇಡೋಕೆ ಯಾವಾಗ ಶುರು ಮಾಡಿದ, ಈ ನೈಟ್ರೇಟ್ ಅನ್ನೋ ತಲೆನೋವು ಯಾವಾಗ ಗೊತ್ತಾಯ್ತು, ಅದಕ್ಕೆ ಯಾರು ಯಾರು ಏನೇನು ಮಾಡಿದರು. ನಾನು ಬಿಕಾಂ ಓದಿದವನು, ರಸಾಯನಶಾಸ್ತ್ರ ಪಿಯುಸಿಯಲ್ಲೂ ಇರಲಿಲ್ಲ. ಆದ್ರೆ ಓದ್ತಾ ಓದ್ತಾ ಒಂದು ವಿಷಯ ಸ್ಪಷ್ಟ ಆಯ್ತು. ಇದು ರಸಾಯನಶಾಸ್ತ್ರಕ್ಕಿಂತ ಜಾಸ್ತಿ ಲೆಕ್ಕಪತ್ರದ ಕಥೆ.

ಖಾತೆ ಹೀಗಿದೆ ನೋಡಿ. ಮೀನಿಗೆ ಆಹಾರ ಹಾಕ್ತೀರಿ, ಅದು ಜಮಾ. ಆಹಾರದಲ್ಲಿ ಪ್ರೋಟೀನ್ ಇದೆ, ಪ್ರೋಟೀನಿನಲ್ಲಿ ಸಾರಜನಕ ಇದೆ. ಮೀನು ಅದನ್ನ ಅಮೋನಿಯಾ ಆಗಿ ಹೊರಗೆ ಬಿಡುತ್ತೆ. ಅಮೋನಿಯಾ ಘೋರ ವಿಷ. ಒಂದು ಜಾತಿಯ ಬ್ಯಾಕ್ಟೀರಿಯಾ ಅದನ್ನ ನೈಟ್ರೈಟ್ ಮಾಡುತ್ತೆ, ಇನ್ನೊಂದು ಜಾತಿ ನೈಟ್ರೇಟ್ ಮಾಡುತ್ತೆ. ನೈಟ್ರೇಟ್ ಅಷ್ಟು ವಿಷವಲ್ಲ. ಆದ್ರೆ ಅಲ್ಲಿಗೆ ದಾರಿ ನಿಲ್ಲುತ್ತೆ. ದಿನಾ ಜಮಾ ಆಗ್ತಾನೇ ಇರುತ್ತೆ, ಖರ್ಚಿನ ಕಾಲಮ್ ಖಾಲಿ. ಅಂಕಿಯಲ್ಲಿ ಹೇಳಬೇಕಂದ್ರೆ, 45% ಪ್ರೋಟೀನ್ ಇರೋ ಒಂದು ಗ್ರಾಂ ಮೀನಿನ ಆಹಾರ ಪೂರ್ತಿಯಾಗಿ ನೈಟ್ರೇಟ್ ಆದ್ರೆ, ನೂರು ಲೀಟರ್ ನೀರಲ್ಲಿ ಸುಮಾರು 3 ಪಿಪಿಎಂ ಏರುತ್ತೆ. ಒಂದು ಗ್ರಾಂ ಅಂದ್ರೆ ಮೂರು ಬೆರಳಲ್ಲಿ ಎತ್ತೋ ಚಿಟಿಕೆ. ಹವಳದ ದಿಬ್ಬಗಳ ಸುತ್ತ ಇರೋ ಸಮುದ್ರದಲ್ಲಿ ನೈಟ್ರೇಟ್ ಒಟ್ಟಾರೆ 1 ಪಿಪಿಎಂ ಕೂಡ ಇರಲ್ಲ. ಅಲ್ಲಿನ ಜೀವಿಗಳು ಲಕ್ಷಾಂತರ ವರ್ಷ ಆ ನೀರಿಗೆ ಒಗ್ಗಿಕೊಂಡಿವೆ.

ಈಗ 1846ಕ್ಕೆ ಹೋಗೋಣ, ಇಂಗ್ಲೆಂಡಿಗೆ. ಆನಾ ಥಿನ್ ಅಂತ ಒಬ್ಬ ಮಹಿಳೆ. ಗಂಡ ಲಂಡನ್ನಿನ ವೆಸ್ಟ್‌ಮಿನ್ಸ್ಟರ್ ಅಬ್ಬೆಯಲ್ಲಿ ದೊಡ್ಡ ಪಾದ್ರಿ. ಆಕೆ ಟಾರ್ಕಿ ಅನ್ನೋ ಕಡಲೂರಿಗೆ ಹೋಗಿದ್ದಾಗ ಅಲ್ಲಿ ಬಂಡೆಗಳಲ್ಲಿ ಮ್ಯಾಡ್ರಿಪೋರ್ ಅನ್ನೋ ಹವಳಗಳನ್ನ ನೋಡಿ ಮನಸೋತರು. ಸೂಜಿ ದಾರ ತಗೊಂಡು ಅವನ್ನ ಸ್ಪಂಜಿಗೆ ಹೊಲಿದು, ಕಲ್ಲಿನ ಜಾಡಿಯಲ್ಲಿ ಕಡಲ ನೀರು ತುಂಬಿ, ಲಂಡನ್ನಿಗೆ ತಂದರು. ತಂದ ನೀರು ಎಷ್ಟು ದಿನ ಬರುತ್ತೆ? ಮುಗಿಯಿತು. ಆಗ ಆಕೆ ಕಂಡುಕೊಂಡ ದಾರಿ ಅಂದ್ರೆ, ಹಳೇ ನೀರನ್ನೇ ತೆರೆದ ಕಿಟಕಿ ಮುಂದೆ ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಸುರಿಯೋದು. ಕಾಫಿ ಆರಿಸ್ತೀವಲ್ಲ, ಹಾಗೆ. ದಿನಾ ಅರ್ಧ ಮುಕ್ಕಾಲು ಗಂಟೆ. ಸುರೀತಿದ್ದದ್ದು ಆಕೆ ಅಲ್ಲ, ಮನೆಕೆಲಸದ ಹುಡುಗಿ. ನಾವೀಗ ಏರ್ ಪಂಪ್ ಅಂತ ಕರೆಯೋ ಯಂತ್ರದ ಕೆಲಸ ಆಗ ಮಾಡಿದ್ದು ಆ ಹುಡುಗಿಯ ಎರಡು ಕೈ.

ಮುಂದಿನ ವರ್ಷ ಥಿನ್ ಅದಕ್ಕೆ ಕಡಲಪಾಚಿ ಸೇರಿಸಿದರು. ಪಾಚಿ ಬಂದ ಮೇಲೆ ತೊಟ್ಟಿ ತನ್ನ ಕಾಲ ಮೇಲೆ ನಿಂತಿತು. ಹವಳಗಳು ಮೂರು ವರ್ಷ ಬದುಕಿದವು, ಮರಿ ಕೂಡ ಹಾಕಿದವು. ಪಾಚಿ ಆಮ್ಲಜನಕ ಕೊಡುತ್ತೆ ಅನ್ನೋದಷ್ಟೇ ಆ ಕಾಲದ ವಿವರಣೆ. ಆದ್ರೆ ಪಾಚಿ ಇನ್ನೊಂದು ಕೆಲಸನೂ ಮಾಡ್ತಿತ್ತು. ಅಮೋನಿಯಾ, ನೈಟ್ರೇಟ್ ಎರಡನ್ನೂ ಹೀರಿ ಮೈಯಾಗಿಸಿಕೊಳ್ತಿತ್ತು. ಖರ್ಚಿನ ಕಾಲಮ್ ಇದೆ ಅಂತಲೇ ಗೊತ್ತಿಲ್ಲದ ಕಾಲದಲ್ಲಿ ಅದರಲ್ಲಿ ಮೊದಲ ನಮೂದು ಬಿದ್ದಾಗಿತ್ತು.

ಅದಾದ ಮೇಲಿನ ಹತ್ತು ಹದಿನೈದು ವರ್ಷವನ್ನ ಬೇಗ ದಾಟಿಬಿಡ್ತೀನಿ. ರಾಬರ್ಟ್ ವಾರಿಂಗ್ಟನ್ ಅನ್ನೋ ರಸಾಯನಶಾಸ್ತ್ರಜ್ಞ 1850ರಲ್ಲಿ ಮೀನು, ಗಿಡ, ಬಸವನಹುಳು ಮೂರೂ ಇದ್ರೆ ನೀರು ಸಮತೋಲನದಲ್ಲಿ ಇರುತ್ತೆ ಅಂತ ಬರೆದ. 1853ರಲ್ಲಿ ಲಂಡನ್ ಮೃಗಾಲಯದಲ್ಲಿ ಮೀನುಮನೆ ತೆರೆಯಿತು. 1854ರಲ್ಲಿ ಫಿಲಿಪ್ ಹೆನ್ರಿ ಗಾಸ್ 'ದಿ ಅಕ್ವೇರಿಯಂ' ಪುಸ್ತಕ ಬರೆದ, ನಾಲ್ಕು ಲವಣ ಸೇರಿಸಿ ಕೃತಕ ಸಮುದ್ರದ ನೀರು ಮಾಡೋ ವಿಧಾನವನ್ನೂ ಕೊಟ್ಟ. ಇವತ್ತು ನಾನು ಬಕೆಟ್‌ನಲ್ಲಿ ಲೀಟರಿಗೆ 35 ಗ್ರಾಂ ಉಪ್ಪಿನ ಪುಡಿ ಕಲಸ್ತೀನಲ್ಲ, ಆ ಪುಡಿಯ ಮುತ್ತಜ್ಜ ಅದು. ಆಮೇಲೆ ಬ್ರಿಟನ್ನಿನಲ್ಲಿ ಹುಚ್ಚೇ ಹಿಡಿಯಿತು, ಡ್ರಾಯಿಂಗ್ ರೂಮಿಗೊಂದು ತೊಟ್ಟಿ. ಕೆಲವೇ ವರ್ಷದಲ್ಲಿ ಹುಚ್ಚು ಇಳಿಯಿತು ಕೂಡ. ನೀರು ನಾರಿದ್ರೆ ಯಾರಿಗೆ ತಾನೇ ಬೇಕು?

ಆ ಹುಚ್ಚಿನಿಂದ ಎದ್ದು ಬಂದ ಒಬ್ಬ ಮನುಷ್ಯ ನನಗೆ ತುಂಬಾ ಇಷ್ಟ. ವಿಲಿಯಂ ಆಲ್ಫರ್ಡ್ ಲಾಯ್ಡ್. ಪುಸ್ತಕಕ್ಕೆ ರಟ್ಟು ಹಾಕೋ ಅಂಗಡಿಯಲ್ಲಿ ಕೆಲಸ ಮಾಡ್ತಿದ್ದವನು. ಆಮೇಲೆ ಲಂಡನ್ನಿನಲ್ಲಿ ಅಕ್ವೇರಿಯಂ ಅಂಗಡಿ ಇಟ್ಟ. 1864ರಲ್ಲಿ ಹ್ಯಾಂಬರ್ಗ್, 1871ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್, ಹೀಗೆ ದೊಡ್ಡ ದೊಡ್ಡ ಸಾರ್ವಜನಿಕ ಅಕ್ವೇರಿಯಂಗಳು ಅವನ ಲೆಕ್ಕಾಚಾರದಲ್ಲಿ ಎದ್ದವು. ಅವನ ಗುಟ್ಟು ಏನು ಅಂದ್ರೆ, ಜನ ನೋಡೋ ತೊಟ್ಟಿಗಳ ಕೆಳಗೆ, ಕತ್ತಲಲ್ಲಿ, ಅದಕ್ಕಿಂತ ಹಲವು ಪಟ್ಟು ದೊಡ್ಡ ನೀರಿನ ಸಂಪು. ಹಗಲು ರಾತ್ರಿ ಪಂಪಿನಿಂದ ನೀರು ಮೇಲೆ ಕೆಳಗೆ ಓಡಾಡ್ತಿರಬೇಕು. ನೀರು ಬದಲಿಸಬೇಕಿಲ್ಲ, ಅದೇ ನೀರು ವರ್ಷಗಟ್ಟಲೆ. ನಮ್ಮ ಭಾಷೇಲಿ ಹೇಳೋದಾದ್ರೆ ಬಂಡವಾಳವನ್ನ ಎಷ್ಟು ದೊಡ್ಡದು ಮಾಡಿಬಿಟ್ಟ ಅಂದ್ರೆ ಸಾಲ ಕಾಣಿಸೋಕೆ ವರ್ಷಗಳು ಬೇಕು. ಸಾಲ ಹೋಗಲಿಲ್ಲ, ತೆಳುವಾಯ್ತು.

ಅಸಲಿ ಉತ್ತರ ಸಿಕ್ಕಿದ್ದು ಅಕ್ವೇರಿಯಂ ಇಟ್ಟವರಿಂದ ಅಲ್ಲ, ಚರಂಡಿ ನೀರಿನ ಹಿಂದೆ ಬಿದ್ದವರಿಂದ. 1877, ಪ್ಯಾರಿಸ್. ಶ್ಲೋಸಿಂಗ್ ಮತ್ತು ಮ್ಯುಂಟ್ಸ್ ಅನ್ನೋ ಇಬ್ಬರು ಮರಳು, ಸುಣ್ಣಕಲ್ಲು ತುಂಬಿದ ಉದ್ದದ ಕೊಳವೆಯೊಳಗೆ ನಿಧಾನವಾಗಿ ಕೊಳಚೆ ನೀರು ಬಿಟ್ಟರು. ಸುಮಾರು ಇಪ್ಪತ್ತು ದಿನ ಏನೂ ಆಗಲಿಲ್ಲ. ಆಮೇಲೆ ಕೆಳಗೆ ಬರೋ ನೀರಲ್ಲಿ ಅಮೋನಿಯಾ ಮಾಯವಾಗಿ ನೈಟ್ರೇಟ್ ಬರತೊಡಗಿತು. ಬರೀ ರಾಸಾಯನಿಕ ಕ್ರಿಯೆ ಆಗಿದ್ರೆ ಇಪ್ಪತ್ತು ದಿನ ಯಾಕೆ ಕಾಯಬೇಕಿತ್ತು? ಅವರು ಕ್ಲೋರೋಫಾರ್ಮ್ ಹಾಯಿಸಿ ನೋಡಿದರು, ನಿಂತುಹೋಯ್ತು. ಕ್ಲೋರೋಫಾರ್ಮ್ ತೆಗೆದು ಸ್ವಲ್ಪ ಮಣ್ಣು ತೊಳೆದ ನೀರು ಹಾಕಿದರು, ಮತ್ತೆ ಶುರು. ಅಂದ್ರೆ ಒಳಗೆ ಯಾವುದೋ ಜೀವ ಇದೆ. 1890ರ ಹೊತ್ತಿಗೆ ಜ್ಯೂರಿಕ್‌ನಲ್ಲಿದ್ದ ರಷ್ಯಾದ ವಿಜ್ಞಾನಿ ಸೆರ್ಗೈ ವಿನೊಗ್ರಾಡ್‌ಸ್ಕಿ ಆ ಬ್ಯಾಕ್ಟೀರಿಯಾಗಳನ್ನ ಬೇರ್ಪಡಿಸಿ ತೋರಿಸಿದರು.

ಅಕ್ವೇರಿಯಂ ಇಟ್ಟವರು ಈ ಜಾಗದಲ್ಲಿ ನಗ್ತಿರ್ತಾರೆ. ಯಾಕಂದ್ರೆ ಹೊಸ ಟ್ಯಾಂಕ್ ತಂದ ತಕ್ಷಣ ಮೀನು ಬಿಡಬಾರದು, ಮೂರು ನಾಲ್ಕು ವಾರ 'ಸೈಕಲ್' ಆಗೋಕೆ ಬಿಡಬೇಕು ಅಂತ ಎಲ್ಲರೂ ಹೇಳೋದು ಇದನ್ನೇ. ಪ್ಯಾರಿಸ್ಸಿನ ಆ ಕೊಳವೆಯ ಇಪ್ಪತ್ತು ದಿನ.

ಈ ತಿಳಿವಳಿಕೆ ಮನೆಗಳಿಗೆ ಬರೋಕೆ ಮಾತ್ರ ಬಹಳ ಕಾಲ ಹಿಡಿಯಿತು. ಇಪ್ಪತ್ತನೇ ಶತಮಾನದ ಮಧ್ಯದಲ್ಲಿ ಜಲ್ಲಿಯ ಅಡಿ ಪ್ಲಾಸ್ಟಿಕ್ ತಟ್ಟೆ ಇಟ್ಟು ನೀರನ್ನ ಅದರೊಳಗಿಂದ ಎಳೆಯೋ ಫಿಲ್ಟರ್ ಮನೆಮಾತಾಯ್ತು. ಜಲ್ಲಿಯ ಮೇಲೆ ಬ್ಯಾಕ್ಟೀರಿಯಾ ಕೂರುತ್ತೆ, ಆಮ್ಲಜನಕ ಹರಿಯುತ್ತೆ, ಅಮೋನಿಯಾ ಸೊನ್ನೆ. 1970ರಲ್ಲಿ ಸ್ಟೀಫನ್ ಸ್ಪಾಟ್ ಅನ್ನೋ ಅಮೆರಿಕದವರು ಇದರ ಜೀವಶಾಸ್ತ್ರವನ್ನೆಲ್ಲ ಪುಸ್ತಕದಲ್ಲಿ ಬಿಡಿಸಿಟ್ಟರು. 1986ರಲ್ಲಿ ಜಾರ್ಜ್ ಸ್ಮಿಟ್ ಅಮೆರಿಕದ ಒಂದು ಅಕ್ವೇರಿಯಂ ಪತ್ರಿಕೆಯಲ್ಲಿ 'ಮಿನಿ ರೀಫ್' ಬಗ್ಗೆ ಲೇಖನಮಾಲೆ ಬರೆದರು. ಗಾಳಿಯಲ್ಲಿ ಇಟ್ಟ ಪ್ಲಾಸ್ಟಿಕ್ ಚೆಂಡುಗಳ ಮೇಲೆ ನೀರು ತೊಟ್ಟಿಕ್ಕಿಸೋ ಫಿಲ್ಟರ್. ಅಲ್ಲಿ ಬ್ಯಾಕ್ಟೀರಿಯಾಗೆ ಹಬ್ಬವೋ ಹಬ್ಬ. ಅಮೋನಿಯಾ ಬಂದಷ್ಟೂ ಕ್ಷಣದಲ್ಲಿ ಮಾಯ. ಜನ ಆ ಫಿಲ್ಟರನ್ನ ಕೊಂಡಿದ್ದೇ ಕೊಂಡಿದ್ದು.

ಆದ್ರೆ ಅದು ಮಾಡ್ತಿದ್ದದ್ದು ಏನು? ಬೇಗ ಕೊಲ್ಲೋ ಸಾಲವನ್ನ ನಿಧಾನಕ್ಕೆ ಕೊಲ್ಲೋ ಸಾಲಕ್ಕೆ ವರ್ಗಾಯಿಸೋದು. ನೈಟ್ರೇಟ್ 40, 80, 100 ಅಂತ ಏರ್ತಾ ಹೋಯ್ತು. ಮೀನು ಹೇಗೋ ತಡ್ಕೊಂಡವು, ಹವಳಗಳು ಕಂದು ತಿರುಗಿದವು, ಗಾಜಿನ ತುಂಬ ಪಾಚಿ. ಕೆಲವೇ ವರ್ಷದಲ್ಲಿ ಅದೇ ಫಿಲ್ಟರಿಗೆ ಹವ್ಯಾಸಿಗಳು 'ನೈಟ್ರೇಟ್ ಫ್ಯಾಕ್ಟರಿ' ಅಂತ ಹೆಸರಿಟ್ಟರು.

ತಮಾಷೆ ಅಂದ್ರೆ ಉತ್ತರ ಅದಕ್ಕೂ ಇಪ್ಪತ್ತೈದು ವರ್ಷ ಹಿಂದೆಯೇ ಅಚ್ಚಾಗಿತ್ತು. 1961ರಲ್ಲಿ ಇಂಡೋನೇಷ್ಯಾದ ಜಕಾರ್ತದ ಲೀ ಚಿನ್ ಎಂಗ್ ಅನ್ನೋರು ಒಂದು ಅಮೆರಿಕನ್ ಮಾಸಿಕದಲ್ಲಿ ತಮ್ಮ ತೊಟ್ಟಿಗಳ ಬಗ್ಗೆ ಬರೆದಿದ್ದರು. ಫಿಲ್ಟರ್ ಇಲ್ಲ. ಸಮುದ್ರದಿಂದ ತಂದ, ಜೀವ ತುಂಬಿರೋ ಕಲ್ಲುಗಳು, ಬಿಸಿಲು, ಮೆಲ್ಲಗೆ ಬರೋ ಗಾಳಿಗುಳ್ಳೆ. ಇಷ್ಟೇ. ಇವತ್ತು 'ಲೈವ್ ರಾಕ್' ಅಂತ ಕರೆಯೋದು ಆ ಕಲ್ಲುಗಳನ್ನೇ. ಅವು ಸ್ಪಂಜಿನ ಹಾಗೆ ತೂತುತೂತು. ಹೊರಮೈಯಲ್ಲಿ ಆಮ್ಲಜನಕ ಇರುತ್ತೆ, ಅಲ್ಲಿ ಅಮೋನಿಯಾ ನೈಟ್ರೇಟ್ ಆಗುತ್ತೆ. ಒಳಗೆ ಆಮ್ಲಜನಕ ತಲುಪಲ್ಲ, ಅಲ್ಲಿ ಇನ್ನೊಂದು ಬಗೆಯ ಬ್ಯಾಕ್ಟೀರಿಯಾ ನೈಟ್ರೇಟಿನಿಂದಲೇ ಆಮ್ಲಜನಕ ಕಿತ್ಕೊಂಡು ಉಸಿರಾಡುತ್ತೆ. ಉಳಿಯೋ ಸಾರಜನಕ ಅನಿಲವಾಗಿ ಗುಳ್ಳೆಯಾಗಿ ಗಾಳಿಗೆ ಹೋಗುತ್ತೆ. ಖಾತೆ ಮುಕ್ತಾಯ. ಪ್ಲಾಸ್ಟಿಕ್ ಚೆಂಡಿನ ತಪ್ಪು ಇದೇ ಆಗಿತ್ತು, ಅದಕ್ಕೆ ಒಳಗೆ ಅಂತ ಒಂದು ಕತ್ತಲ ಜಾಗವೇ ಇರಲಿಲ್ಲ.

ಬರ್ಲಿನ್‌ನ ಹವ್ಯಾಸಿಗಳು, ಪೀಟರ್ ವಿಲ್ಕೆನ್ಸ್ ಅಂಥ ಬರಹಗಾರರು ಲೈವ್ ರಾಕ್ ಜೊತೆ ಪ್ರೋಟೀನ್ ಸ್ಕಿಮ್ಮರ್ ಸೇರಿಸಿದರು. ಬೇಳೆ ಬೇಯುವಾಗ ನೊರೆ ಏಳುತ್ತಲ್ಲ, ಅಮ್ಮ ಸೌಟಿನಲ್ಲಿ ತೆಗೆದು ಚೆಲ್ಲೋದು, ಈ ಯಂತ್ರ ಮಾಡೋದೂ ಅದನ್ನೇ. ಸಣ್ಣ ಗುಳ್ಳೆಗಳಿಗೆ ಅಂಟಿದ ಹೊಲಸು, ಅಮೋನಿಯಾ ಆಗೋ ಮೊದಲೇ ನೊರೆಯಾಗಿ ಆಚೆ. ಮೊನಾಕೋದಲ್ಲಿ ಜಾನ್ ಝೋಬೇರ್ ಮರಳಿನ ದಪ್ಪ ಹಾಸಿನ ಕೆಳಗೆ ನೀರಿನ ಖಾಲಿ ಜಾಗ ಬಿಟ್ಟು ಅದೇ ಕತ್ತಲ ಕೆಲಸ ಮಾಡಿಸಿದರು. 1990ರ ದಶಕದಲ್ಲಿ ಇದೆಲ್ಲ ಪುಸ್ತಕಗಳಲ್ಲಿ ಬಂದು ಪ್ರಪಂಚವೆಲ್ಲ ಹರಡಿತು.

ಈಗ ವೋಡ್ಕಾ ವಿಷಯಕ್ಕೆ ಬರ್ತೀನಿ. ನೈಟ್ರೇಟ್ ತಿನ್ನೋ ಬ್ಯಾಕ್ಟೀರಿಯಾಗೆ ನೈಟ್ರೇಟ್ ಒಂದೇ ಸಾಲದು, ಇಂಗಾಲವೂ ಬೇಕು. ಬರೀ ಸಾರು ಇದ್ರೆ ಊಟ ಆಗಲ್ಲ, ಅನ್ನನೂ ಬೇಕಲ್ಲ, ಹಾಗೆ. ಇದು 1880ರ ದಶಕದಲ್ಲೇ ಫ್ರಾನ್ಸಿನ ಬೋರ್ಡೋ ಊರಲ್ಲಿ ಗೇಯೋನ್ ಮತ್ತು ದ್ಯುಪೆತಿ ಅನ್ನೋ ಇಬ್ಬರಿಗೆ ತಿಳಿದಿತ್ತು. ಸಕ್ಕರೆ, ಆಲ್ಕೋಹಾಲ್ ಅಂಥದ್ದು ಕೊಟ್ಟರೆ ಈ ಬ್ಯಾಕ್ಟೀರಿಯಾಗಳು ನೈಟ್ರೇಟ್ ಒಡೆಯುತ್ತವೆ ಅಂತ ಅವರು ತೋರಿಸಿದ್ದರು. ದ್ರಾಕ್ಷಾರಸಕ್ಕೆ ಹೆಸರಾದ ಊರು, ಹೊಳೆಯದೇ ಇರುತ್ತಾ? 2000ರ ದಶಕದ ಮೊದಲ ವರ್ಷಗಳಲ್ಲಿ ಜರ್ಮನಿಯ ಹವ್ಯಾಸಿಗಳು ಟ್ಯಾಂಕಿಗೆ ದಿನಾ ವೋಡ್ಕಾ ಹಾಕೋ ಪದ್ಧತಿ ಬರೆದಿಟ್ಟರು. ಹಾಕೋದು ಎಷ್ಟು ಅಂದ್ರೆ, ಹನಿಗಳ ಲೆಕ್ಕ. ವಾರವಾರ ಅಳೆದು ಚೂರೇ ಚೂರು ಏರಿಸಬೇಕು.

ನಾನು ಎರಡು ಮುಚ್ಚಳ ಹಾಕಿದ್ದೆ.

ನೂರು ಲೀಟರಿಗೆ ಎರಡು ಮುಚ್ಚಳ ವೋಡ್ಕಾ ಅಂದ್ರೆ ಬ್ಯಾಕ್ಟೀರಿಯಾಗೆ ಜಾತ್ರೆ. ರಾತ್ರೋರಾತ್ರಿ ಕೋಟಿ ಕೋಟಿ ಹುಟ್ಟಿ ನೀರಲ್ಲಿದ್ದ ಆಮ್ಲಜನಕವನ್ನೆಲ್ಲ ಉಸಿರಾಡಿ ಮುಗಿಸಿದವು. ಆ ಬಿಳಿ ಮಬ್ಬು ಅವೇ. ಮೀನುಗಳು ಉಸಿರುಗಟ್ಟಿ ಸತ್ತವು, ಕುಡಿದು ಅಲ್ಲ. ಅಮ್ಮನಿಗೆ ಇದನ್ನ ವಿವರಿಸಿದೆ. "ಎರಡೂ ಒಂದೇ" ಅಂದರು.

ಆದ್ರೆ ನನ್ನನ್ನ ಹೆಚ್ಚು ಕೊರೆದದ್ದು ಬೇರೆ ಪ್ರಶ್ನೆ. ನಾನು ವೋಡ್ಕಾವರೆಗೆ ಹೋಗಿದ್ದು ಯಾಕೆ? ಪ್ರತಿ ಭಾನುವಾರ ತಪ್ಪದೇ 20% ನೀರು ಬದಲಿಸ್ತಿದ್ದೆ. ಆದ್ರೂ ಕಿಟ್‌ನ ಬಣ್ಣ 60ರಿಂದ ಕೆಳಗೆ ಇಳೀತಾನೇ ಇರಲಿಲ್ಲ. ಆಗ ಕೂತು ಲೆಕ್ಕ ಹಾಕಲಿಲ್ಲ, ಸತ್ತ ಮೇಲೆ ಹಾಕಿದೆ. ಲೆಕ್ಕ ಸುಲಭ. ವಾರಕ್ಕೆ 5 ಪಿಪಿಎಂ ಹುಟ್ಟುತ್ತೆ, 20% ತೆಗೀತೀನಿ. ಹುಟ್ಟಿದ್ದೂ ತೆಗೆದದ್ದೂ ಸಮ ಆಗೋದು 25ರಲ್ಲಿ, ಯಾಕಂದ್ರೆ 25ರ 20% ಅಂದ್ರೆ 5. ಟ್ಯಾಂಕ್ ಎಲ್ಲಿಂದ ಶುರುವಾದ್ರೂ ಕೊನೆಗೆ 20 ಮತ್ತು 25ರ ನಡುವೆ ಓಡಾಡ್ತಾ ನಿಲ್ಲಬೇಕು. 10% ಮಾತ್ರ ಬದಲಿಸಿದ್ರೆ 45, 50ರಲ್ಲಿ ನಿಲ್ಲುತ್ತೆ. ನನ್ನದು 25 ಆಗಬೇಕಿತ್ತು. 60 ಯಾಕೆ?

ಉಪ್ಪು ಕಲಸೋ ನೀರನ್ನೇ ಒಮ್ಮೆ ಕಿಟ್‌ನಲ್ಲಿ ಹಾಕಿ ನೋಡಿದೆ. ನಮ್ಮ ಬಿಲ್ಡಿಂಗಿನ ಬೋರ್‌ವೆಲ್ ನೀರು. ಶುರುವಲ್ಲಿ ಟ್ಯಾಂಕ್ ಕೊಟ್ಟ ಅಂಗಡಿಯವರು ಬೋರ್ ನೀರು ನಡೆಯುತ್ತೆ ಅಂದಿದ್ದರು, ನಾನೂ ಕೇಳ್ಕೊಂಡು ಬಂದಿದ್ದೆ. ಬಣ್ಣ 40ಕ್ಕೆ ಬಂತು. ಮೀನು ಇಲ್ಲ, ಆಹಾರ ಇಲ್ಲ, ನಲ್ಲಿಯಿಂದ ಬಂದ ನೀರಲ್ಲೇ 40. ಅದನ್ನ ಲೆಕ್ಕಕ್ಕೆ ಸೇರಿಸಿದ್ರೆ ಉತ್ತರ ಸರಿಯಾಗಿ 60, 65. ಪ್ರತಿ ಭಾನುವಾರ ನಾನು ಸಾಲ ತೀರಿಸ್ತಿದ್ದೀನಿ ಅಂದ್ಕೊಂಡು ಹೊಸ ಸಾಲ ತಂದು ಸುರೀತಿದ್ದೆ.

ಇದು ನನ್ನೊಬ್ಬನ ಬೋರ್‌ವೆಲ್ ಕಥೆಯಲ್ಲ. ಕುಡಿಯೋ ನೀರಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು ಅಂತ ನಮ್ಮ ದೇಶದ ಮಾನದಂಡ ಇದೆ. ಕೇಂದ್ರ ಅಂತರ್ಜಲ ಮಂಡಳಿಯ 2024ರ ವರದಿಯಲ್ಲಿ ಕರ್ನಾಟಕದ ಸುಮಾರು ಅರ್ಧದಷ್ಟು ಮಾದರಿಗಳು ಆ ಮಿತಿ ದಾಟಿದ್ದವು, ರಾಜಸ್ಥಾನದ ಜೊತೆ ನಾವೂ ಪಟ್ಟಿಯ ತುದಿಯಲ್ಲಿ. ಹೊಲದ ಗೊಬ್ಬರ, ಶೌಚಗುಂಡಿ, ಕೊಟ್ಟಿಗೆ, ಎಲ್ಲದರ ಅಮೋನಿಯಾ ಮಣ್ಣಲ್ಲಿ ಇಳಿದು ಅದೇ ಬ್ಯಾಕ್ಟೀರಿಯಾಗಳ ಕೈಯಲ್ಲಿ ನೈಟ್ರೇಟ್ ಆಗಿ ಕೊಳವೆಬಾವಿ ಸೇರುತ್ತೆ. ಪ್ಯಾರಿಸ್ಸಿನ ಆ ಮರಳಿನ ಕೊಳವೆ ನಮ್ಮ ಕಾಲ ಕೆಳಗೇ ಇದೆ, ಉದ್ದ ಸ್ವಲ್ಪ ಜಾಸ್ತಿ. ಕಾಯಿಸಿದ್ರೆ ನೈಟ್ರೇಟ್ ಹೋಗಲ್ಲ, ನೀರು ಆವಿಯಾಗಿ ಇನ್ನೂ ಗಟ್ಟಿಯಾಗುತ್ತೆ ಅಷ್ಟೇ. ಮನೇಲಿ ಚಿಕ್ಕ ಕೂಸು ಇರೋರು ಬೋರ್ ನೀರು ಕುಡಿಸ್ತಿದ್ರೆ ಒಮ್ಮೆ ಪರೀಕ್ಷೆ ಮಾಡಿಸಿ. ಮೀನಿಗಿಂತ ಅದು ಮುಖ್ಯ.

ಒಂದು ವಿಷಯ ಹೇಳದೇ ಈ ಸಂಚಿಕೆ ಮುಗಿಸೋಕಾಗಲ್ಲ. ವೋಡ್ಕಾ, ಸ್ಕಿಮ್ಮರ್ ಎಲ್ಲ ಸೇರಿ ಜನ ಕೊನೆಗೂ ನೈಟ್ರೇಟ್ ಸೊನ್ನೆ ಮಾಡಿಬಿಟ್ಟರಲ್ಲ, ಆಮೇಲೆ ಏನಾಯ್ತು? ಹವಳಗಳು ಬಿಳಿಚಿಕೊಂಡವು. ಕಲ್ಲಿನ ಮೇಲೆ ಲೋಳೆಲೋಳೆಯಾಗಿ ಡೈನೋಫ್ಲಾಜೆಲೇಟ್ ಅನ್ನೋ ಕಂದು ಪಿಡುಗು ಹಬ್ಬಿತು. ಹವಳದ ಮೈಯೊಳಗೆ ಸೂಕ್ಷ್ಮ ಪಾಚಿ ವಾಸ ಮಾಡುತ್ತೆ, ಬಿಸಿಲಲ್ಲಿ ಅಡುಗೆ ಮಾಡಿ ಹವಳಕ್ಕೆ ಬಡಿಸೋದು ಅದೇ. ಆ ಪಾಚಿಗೂ ಸಾರಜನಕ, ರಂಜಕ ಬೇಕು. 2013ರಲ್ಲಿ ಬ್ರಿಟನ್ನಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ಯೋರ್ಗ್ ವೀಡೆನ್‌ಮನ್ ತಂಡ ಒಂದು ಅಧ್ಯಯನ ಪ್ರಕಟಿಸಿತು. ನೈಟ್ರೇಟ್ ಜಾಸ್ತಿ ಇದ್ದು ರಂಜಕ ಸಾಲದೇ ಹೋದ್ರೆ ಹವಳ ಬಿಸಿಲು, ಶಾಖಕ್ಕೆ ಬೇಗ ಬಿಳಿಚಿಕೊಳ್ಳುತ್ತೆ ಅನ್ನೋದು ಅದರ ಸಾರ. ಅಂದ್ರೆ ಒಂದು ಅಂಕಿ ಮಾತ್ರ ನೋಡಿದ್ರೆ ಆಗಲ್ಲ, ಎರಡರ ನಡುವಿನ ಅನುಪಾತ ನೋಡಬೇಕು. ಬ್ಯಾಲೆನ್ಸ್ ಶೀಟಿನಲ್ಲಿ ಬರೀ ಸಾಲ ನೋಡಿ ಕಂಪನಿ ಅಳೆಯೋರಿಗೆ ನಮ್ಮ ಮೇಷ್ಟ್ರು ಬೈಯ್ತಿದ್ದದ್ದೂ ಇದಕ್ಕೇ. ಈಗ ನೋಡಿ, ಎಷ್ಟೋ ದೇಶಗಳಲ್ಲಿ ಹವ್ಯಾಸಿಗಳು ಅಳೆದು ಅಳೆದು ನೈಟ್ರೇಟನ್ನ ಟ್ಯಾಂಕಿಗೆ ಹಾಕ್ತಾರೆ. ದುಡ್ಡು ಕೊಟ್ಟು ತಂದು!

ನಮ್ಮಲ್ಲಿ ದಿಬ್ಬ ಕಟ್ಟೋ ಗಟ್ಟಿ ಹವಳಗಳು 2001ರಿಂದಲೇ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ, ಹುಲಿಗಿದ್ದ ಪರಿಶಿಷ್ಟದಲ್ಲೇ. ಹಾಗಾಗಿ ಅಂಗಡಿಯಲ್ಲಿ ಯಾರಾದ್ರೂ ತೋರಿಸಿದ್ರೆ ಕೈಮುಗಿದು ಬಂದುಬಿಡಿ. ನನ್ನ ಟ್ಯಾಂಕಲ್ಲಿ ಕಲ್ಲು, ಮರಳು, ಮೀನು ಅಷ್ಟೇ.

ಮೀನು ಅಂದೆ, ಹೌದು, ಮತ್ತೆ ತಂದೆ. ನಾಲ್ಕು ತಿಂಗಳು ಖಾಲಿ ನೀರು ಓಡಿಸಿದ ಮೇಲೆ. ಹ್ಯಾಚರಿಯಲ್ಲಿ ಹುಟ್ಟಿದ ಜೋಡಿ. ಆರ್‌ಓ ನೀರಲ್ಲೇ ಉಪ್ಪು ಕಲಸ್ತೀನಿ, ಕಲಸೋ ಮೊದಲು ಆ ನೀರನ್ನೂ ಒಮ್ಮೆ ಕಿಟ್‌ನಲ್ಲಿ ನೋಡ್ತೀನಿ. ಕಿಟ್ ಕೊಳ್ಳೋರಿಗೆ ಒಂದು ಮಾತು: ಕೆಲವು ಕಿಟ್ ನೈಟ್ರೇಟ್ ತೋರಿಸುತ್ತೆ, ಕೆಲವು ಅದರಲ್ಲಿರೋ ಸಾರಜನಕ ಮಾತ್ರ ತೋರಿಸುತ್ತೆ. ಎರಡನೇದನ್ನ 4.4ರಿಂದ ಗುಣಿಸಬೇಕು. ಡಬ್ಬಿ ಮೇಲೆ ಸಣ್ಣಕ್ಷರದಲ್ಲಿ ಇರುತ್ತೆ, ಓದಿ.

ಅಡುಗೆಮನೆ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಈಗ ನೈಟ್ರೇಟ್ ಲೆಕ್ಕನೂ ಇದೆ. ಬರೆಯೋದು ಅಮ್ಮ. ಈ ವಾರ 15. "ಜಾಸ್ತಿ ಊಟ ಹಾಕ್ತಿದ್ದೀಯ" ಅಂತ ಕೆಳಗೆ ಪೆನ್ಸಿಲ್‌ನಲ್ಲಿ ಬರೆದಿದ್ದಾರೆ.

ಸಿಗೋಣ, ಮುಂದಿನ ವಾರ.